ಅಟ್ಟದ ಮಲಗುವ ಕೋಣೆ: ಸೆಕೆ, ಸೋರಿಕೆ, ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು ಹೇಗೆ

ನಮ್ಮದು ಬಳ್ಳಾರಿಯ ಕಂಟೋನ್ಮೆಂಟ್ ಕಡೆಯ ಹಳೆ ಬಂಗಲೆ. ದಪ್ಪ ಗೋಡೆ, ಎತ್ತರದ ಕಿಟಕಿ, ಮೇಲೆ ಮಂಗಳೂರು ಹೆಂಚು. ಕೆಳಗಿನ ಕೋಣೆಗಳ ಮೇಲೆ ಸಾಗವಾನಿ ಜಂತಿ, ಜಂತಿಯ ಮೇಲೆ ಹಲಗೆ. ಹಲಗೆಗೂ ಹೆಂಚಿಗೂ ನಡುವೆ ಅಟ್ಟ. ನಮ್ಮ ಮಾವನವರು ಚಿಕ್ಕವರಿದ್ದಾಗ ಅಲ್ಲಿ ಜೋಳದ ಚೀಲ, ಹಿತ್ತಾಳೆ ಹಂಡೆ, ಹಳೆ ತೊಟ್ಟಿಲು ಇರುತ್ತಿದ್ದವಂತೆ. ಮಕ್ಕಳು ದೊಡ್ಡವರಾದರು, ಕೋಣೆ ಸಾಲದಾಯಿತು. ಅಟ್ಟ ಖಾಲಿ ಮಾಡಿಸಿ, ಒಳಗೆ ಪ್ಲೈವುಡ್ ಹೊಡೆಸಿ, ಮರದ ಮೆಟ್ಟಿಲು ಇಡಿಸಿ ಮಲಗುವ ಕೋಣೆ ಮಾಡಿಕೊಂಡೆವು. ಆರು ವರ್ಷದಿಂದ ನಾನು, ನಮ್ಮ ಯಜಮಾನರು ಅಲ್ಲೇ ಮಲಗುತ್ತೇವೆ.

ಮೊದಲ ಬೇಸಿಗೆಯಲ್ಲಿ ನಿದ್ದೆಯೇ ಬರಲಿಲ್ಲ. ಎರಡನೇ ಬೇಸಿಗೆಗೆ ಒಂದೂವರೆ ಟನ್ನಿನ ಎಸಿ ತಂದೆವು. ಆದರೂ ರಾತ್ರಿ ಹನ್ನೊಂದಾದರೂ ಕೋಣೆ ತಣಿಯುತ್ತಿರಲಿಲ್ಲ. ಬಿಲ್ ಮಾತ್ರ ಜಾಸ್ತಿ ಬಂತು. ಬಿಸಿ ಎಲ್ಲಿಂದ ಬರುತ್ತಿದೆ ಎಂದು ನೋಡದೆಯೇ ದುಡ್ಡು ಹಾಕಿದ್ದೆವು. ಮೂರನೇ ಬೇಸಿಗೆ ಪೂರ್ತಿ ಗಡಿಯಾರ, ಥರ್ಮಾಮೀಟರ್, ಒಂದು ನೋಟ್‌ಬುಕ್ ಇಟ್ಟುಕೊಂಡು ಹುಡುಕಿದೆವು. ಆಗ ಕಲಿತದ್ದನ್ನು, ಆಮೇಲೆ ಮಳೆಗಾಲದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ರಾಯಚೂರು, ಕೊಪ್ಪಳದ ಹಳೆ ಹೆಂಚಿನ ಮನೆಗಳಿಗೂ ಇದು ಒಪ್ಪುತ್ತದೆ. ಮಣ್ಣಿನ ಮಾಳಿಗೆಯ ಲೆಕ್ಕ ಬೇರೆ. ಅಲ್ಲಿ ದಪ್ಪ ಮಣ್ಣೇ ಬಿಸಿಲು ತಡೆಯುತ್ತದೆ.

ಮೊದಲು ಗಂಟೆ ಬರೆಯಿರಿ

ಅಗ್ಗದ ಥರ್ಮಾಮೀಟರ್ ಮೂರು ಸಾಕು. ಒಂದನ್ನು ಮಂಚದ ಎತ್ತರಕ್ಕೆ, ಇನ್ನೊಂದನ್ನು ಸೂರಿನ ನೆತ್ತಿಗೆ ಹತ್ತಿರ, ಮೂರನೆಯದನ್ನು ಹೊರಗೆ ನೆರಳಿನ ವರಾಂಡದಲ್ಲಿ ನೇತುಹಾಕಿ. ಗೋಡೆಗೆ ಆನಿಸಬೇಡಿ, ಗೋಡೆಯ ಬಿಸಿಯನ್ನೇ ತೋರಿಸುತ್ತದೆ. ದಾರ ಕಟ್ಟಿ ಗಾಳಿಯಲ್ಲಿ ಬಿಡಿ. ಬೆಳಿಗ್ಗೆ 6, ಮಧ್ಯಾಹ್ನ 2, ಸಂಜೆ 7, ರಾತ್ರಿ 11. ಈ ನಾಲ್ಕು ಹೊತ್ತಿಗಂತೂ ಮೂರರ ಅಂಕಿಯನ್ನೂ ಬರೆಯಿರಿ, ನಡುವೆ ಸೆಕೆ ಏರಿದಂತೆ ಕಂಡರೆ ಆ ಹೊತ್ತಿನದನ್ನೂ ಬರೆಯಿರಿ. ನಾಲ್ಕೈದು ದಿನ ಬರೆದರೆ ಕೋಣೆ ತನ್ನ ಕಷ್ಟ ತಾನೇ ಹೇಳುತ್ತದೆ.

ಮಧ್ಯಾಹ್ನ ಎರಡು ಮೂರಕ್ಕೆ ಬಿಸಿ ಏರಿ, ಸಂಜೆ ಏಳೆಂಟಕ್ಕೆ ಇಳಿದರೆ ಬಿಸಿ ಹೆಂಚಿನದು. ಹೆಂಚು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಮಧ್ಯಾಹ್ನ ಹೇಗೋ ತಡೆಯಬಹುದು, ಆದರೆ ಏಳರ ನಂತರ ಏರುತ್ತಾ ಹೋಗಿ ಒಂಬತ್ತು ಹತ್ತಕ್ಕೆ ತಾಳಲಾರದಷ್ಟು ಆಗುತ್ತದೆ ಎಂದರೆ ಗೋಡೆಯನ್ನು ನೋಡಿ. ಗೋಡೆಯೂ ಛಾವಣಿಯೂ ಕೈಗೆ ತಣ್ಣಗೆ, ಆದರೂ ಒಳಗೆ ಹೊರಗಿಗಿಂತ ನಾಲ್ಕೈದು ಡಿಗ್ರಿ ಜಾಸ್ತಿ ಇದ್ದರೆ ಬಿಸಿಗಾಳಿ ಹೊರಗೆ ಹೋಗಲು ದಾರಿ ಇಲ್ಲ ಎಂದರ್ಥ. ಬೆಳಿಗ್ಗೆ ಎಂಟಕ್ಕೆ, ಸಂಜೆ ಏಳೂವರೆಗೆ ಇದ್ದಕ್ಕಿದ್ದಂತೆ ಏರಿದರೆ ಅದು ಅಡುಗೆಮನೆಯ ಬಿಸಿ.

ನಾವು ಎಲ್ಲ ತಪ್ಪನ್ನೂ ಹೆಂಚಿನ ಮೇಲೆ ಹಾಕಿದ್ದೆವು. ನೋಟ್‌ಬುಕ್ ನೋಡಿದರೆ ನಮ್ಮ ಕೋಣೆ ಎಲ್ಲಕ್ಕಿಂತ ಕಾಯುತ್ತಿದ್ದದ್ದು ರಾತ್ರಿ ಒಂಬತ್ತೂವರೆಗೆ. ಆ ಹೊತ್ತಿಗೆ ಹೆಂಚು ಆರಿಹೋಗಿರುತ್ತದೆ.

ಪಡುವಣ ಗೋಡೆ

ಅಟ್ಟದ ಎರಡು ತುದಿಯಲ್ಲಿ ಮುಕ್ಕೋನದ ಗೋಡೆ ಇರುತ್ತದೆ ಅಲ್ವಾ, ಅದರಲ್ಲಿ ನಮ್ಮದೊಂದು ನೇರ ಪಶ್ಚಿಮಕ್ಕೆ ಮುಖ ಮಾಡಿದೆ. ಮಧ್ಯಾಹ್ನ ಮೂರರಿಂದ ಸೂರ್ಯ ಮುಳುಗುವವರೆಗೂ ಬಿಸಿಲು ಅದಕ್ಕೆ ಎದುರಾಗಿ ಹೊಡೆಯುತ್ತದೆ. ಕೆಳಗಿನ ಗೋಡೆಗಳಿಗೆ ವರಾಂಡದ ನೆರಳಿದೆ, ಈ ಗೋಡೆಗೆ ಏನೂ ಇಲ್ಲ. ದಪ್ಪ ಇಟ್ಟಿಗೆ ಗೋಡೆ ಆ ಬಿಸಿಯನ್ನು ಕೂಡಲೇ ಒಳಗೆ ಬಿಡುವುದಿಲ್ಲ. ಕುಡಿದು ಇಟ್ಟುಕೊಳ್ಳುತ್ತದೆ. ಹಲವು ಗಂಟೆ ಆದಮೇಲೆ, ನಾವು ಹಾಸಿಗೆ ಹಾಸುವ ಹೊತ್ತಿಗೆ, ಒಳಗಡೆ ಬಿಡುತ್ತದೆ. ನಮ್ಮ ಮಂಚದ ತಲೆಭಾಗ ಇದ್ದದ್ದೂ ಅದೇ ಗೋಡೆಗೆ. ರಾತ್ರಿಯಿಡೀ ಒಲೆಗೆ ತಲೆ ಕೊಟ್ಟು ಮಲಗಿದ ಹಾಗೆ.

ಇದನ್ನು ಪತ್ತೆ ಮಾಡಲು ಅಂಗೈ ಸಾಕು. ರಾತ್ರಿ ಒಂಬತ್ತಕ್ಕೆ ಫ್ಯಾನ್ ನಿಲ್ಲಿಸಿ ನಾಲ್ಕೂ ಗೋಡೆ ಮುಟ್ಟಿ, ಛಾವಣಿ ಮುಟ್ಟಿ, ನೆಲ ಮುಟ್ಟಿ. ಯಾವುದು ಬೆಚ್ಚಗಿದೆಯೋ ಅದೇ ಕಾಯಿಸುತ್ತಿದೆ. ಆಮೇಲೆ ಗೋಡೆಯಿಂದ ಒಂದು ಮೊಳ ದೂರದಲ್ಲಿ ಕೆನ್ನೆ ಒಡ್ಡಿ ನೋಡಿ. ಗಾಳಿ ಆಡದೆಯೂ ಕೆನ್ನೆಗೆ ಕಾವು ತಟ್ಟಿದರೆ ಆ ಗೋಡೆಗೆ ನೆರಳು ಬೇಕೇ ಬೇಕು.

ಮೊದಲು ಒಳಗಡೆ ದಪ್ಪ ಪರದೆ ಹಾಕಿ ನೋಡಿದೆವು. ಏನೂ ಉಪಯೋಗ ಆಗಲಿಲ್ಲ. ಬಿಸಿ ಗೋಡೆಯೊಳಗೆ ಸೇರಿದ ಮೇಲೆ ಪರದೆ ಏನು ಮಾಡೀತು? ನೆರಳು ಹೊರಗಿನಿಂದಲೇ ಆಗಬೇಕು. ಗೋಡೆಯಿಂದ ಒಂದು ಅಡಿ ದೂರಕ್ಕೆ ಕಬ್ಬಿಣದ ಚೌಕಟ್ಟು ಹಾಕಿಸಿ ಬಿದಿರಿನ ತಟ್ಟಿ ಕಟ್ಟಿಸಿದೆವು. ನಡುವಿನ ಆ ಒಂದು ಅಡಿ ಬಹಳ ಮುಖ್ಯ. ತಟ್ಟಿ ಕಾದರೂ ಅದರ ಬಿಸಿ ಗಾಳಿಯಲ್ಲಿ ಮೇಲಕ್ಕೆ ಹೋಗುತ್ತದೆ, ಗೋಡೆಗೆ ತಾಕುವುದಿಲ್ಲ. ತಟ್ಟಿಯ ಹಿಂದೆ ಗೋಡೆಗೆ ಎರಡು ಕೈ ಬಿಳಿ ಸುಣ್ಣ ಬಳಿಸಿದೆವು. ಮಂಚವನ್ನು ಪೂರ್ವದ ಕಡೆಗೆ ಸರಿಸಿದೆವು. ಒಂಬತ್ತೂವರೆಯ ಅಂಕಿ ನಾಲ್ಕು ದಿನದಲ್ಲೇ ಮೂರು ಡಿಗ್ರಿ ಇಳಿಯಿತು. ಎಸಿಗೆ ಹಾಕಿದ ದುಡ್ಡಿನಲ್ಲಿ ಒಂದು ಚೂರು ಖರ್ಚು ಅಷ್ಟೇ. ಬೇವಿನ ಗಿಡವನ್ನೂ ನೆಟ್ಟಿದ್ದೇವೆ. ಅದು ಅಟ್ಟದ ಎತ್ತರಕ್ಕೆ ಬರಲು ಇನ್ನೂ ವರ್ಷಗಳು ಬೇಕು.

ಹೆಂಚಿನ ಬಿಸಿ

ಮಧ್ಯಾಹ್ನದ ಬಿಸಿಯಲ್ಲಿ ಹೆಂಚಿನ ಪಾಲೇ ದೊಡ್ಡದು. ಬಳ್ಳಾರಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಮೇ ತಿಂಗಳ ಆರಂಭದಲ್ಲಿ ಒಮ್ಮೆ, ಆಗಸ್ಟ್ ಎರಡನೇ ವಾರದಲ್ಲಿ ಒಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಗೆ ನೇರ ಬರುತ್ತಾನೆ. ಇವೆರಡರ ನಡುವಿನ ದಿನಗಳಲ್ಲಿ ಸ್ವಲ್ಪ ಉತ್ತರಕ್ಕೆ ವಾಲಿರುತ್ತಾನೆ. ಬಡಗಣ ಇಳಿಜಾರು ತಂಪು ಅಂತ ನಂಬಿ ನಾವು ಒಂದು ವರ್ಷ ತೆಂಕಣ ಹೆಂಚಿಗೆ ಮಾತ್ರ ಸುಣ್ಣ ಬಳಿಸಿದ್ದೆವು. ಮೇ ತಿಂಗಳಲ್ಲಿ ಬಡಗಣ ಕಡೆಯ ಪ್ಲೈವುಡ್ಡೇ ಹೆಚ್ಚು ಕಾಯುತ್ತಿತ್ತು. ಬಳಿಯುವುದಾದರೆ ಎರಡೂ ಕಡೆ ಬಳಿಯಿರಿ. ಫೆಬ್ರವರಿ ಕೊನೆಗೆ ಬಳಿದರೆ ಬೇಸಿಗೆ ಪೂರ್ತಿ ಉಳಿಯುತ್ತದೆ. ನಮ್ಮ ಕಡೆ ಆ ತಿಂಗಳುಗಳಲ್ಲಿ ಮಳೆ ಕಡಿಮೆಯಾದ್ದರಿಂದ ಸುಣ್ಣ ತೊಳೆದು ಹೋಗುವುದಿಲ್ಲ. ಕೆಂಪು ಧೂಳು ಕೂತು ಬಿಳಿ ಮಾಸಿದರೆ ಏಪ್ರಿಲ್‌ನಲ್ಲಿ ಒಮ್ಮೆ ನೀರು ಹೊಡೆದು ತೊಳೆಯಬೇಕು. ಹೆಂಚು ಕಾದಿರುವಾಗ ತಣ್ಣೀರು ಹಾಕಬೇಡಿ, ಬೆಳಿಗ್ಗೆ ಬೇಗ ಮಾಡಿ.

ನಮ್ಮ ಕೋಣೆಯ ದೊಡ್ಡ ತಪ್ಪು ಇನ್ನೊಂದಿತ್ತು. ಕೆಲಸ ಹಿಡಿದವರು ಪ್ಲೈವುಡ್ಡನ್ನು ಹೆಂಚು ಕೂರುವ ಮರದ ಪಟ್ಟಿಗೇ (ರೀಪರ್) ಅಂಟಿಸಿ ಮೊಳೆ ಹೊಡೆದಿದ್ದರು. ಹೆಂಚಿಗೂ ಪ್ಲೈವುಡ್ಡಿಗೂ ನಡುವೆ ಗಾಳಿಯೇ ಇರಲಿಲ್ಲ. ನಿಮ್ಮಲ್ಲೂ ಹೀಗಿದೆಯಾ ಎಂದು ತಿಳಿಯಲು ಬೆರಳಿನಿಂದ ತಟ್ಟಿ ನೋಡಿ. ಎಲ್ಲೆಲ್ಲೂ ಟಣ್ ಎಂದು ಗಟ್ಟಿ ಸದ್ದು ಬಂದರೆ ಸಂದು ಇಲ್ಲ. ಡೊಳ್ಳಿನ ಹಾಗೆ ಟೊಳ್ಳು ಸದ್ದು ಬಂದರೆ ಸಂದು ಇದೆ. ನಾವು ಪ್ಲೈವುಡ್ ಬಿಚ್ಚಿಸಿ ನಾಲ್ಕು ಇಂಚು ಕೆಳಗೆ ಕೂರಿಸಿದೆವು. ಕೆಳಗೆ ಸೂರಿನ ಅಂಚಿನಲ್ಲಿ ಜಾಲರಿ ಹಾಕಿ ಸಂದು ತೆರೆದಿಟ್ಟೆವು. ಮೇಲೆ ನೆತ್ತಿಗೆ ಹತ್ತಿರ, ಗಾಳಿ ಆಡಲೆಂದೇ ಬಾಯಿ ಇಟ್ಟು ಮಾಡುವ ಹೆಂಚುಗಳನ್ನು ಎರಡು ಕಡೆ ಕೂರಿಸಿದೆವು. ಕಾದ ಗಾಳಿ ಈಗ ಕೋಣೆಗೆ ಇಳಿಯುವ ಮೊದಲೇ ಆ ಬಾಯಿಂದ ಹೊರಗೆ ಹೋಗುತ್ತದೆ.

ಹೊಳೆಯುವ ಅಲ್ಯೂಮಿನಿಯಂ ಹಾಳೆ ಹಾಕುವವರು ಒಂದು ಮಾತು ನೆನಪಿಡಿ. ಹೊಳೆಯುವ ಮೈ ಗಾಳಿಯ ಸಂದಿಗೆ ಮುಖ ಮಾಡಿರಬೇಕು. ಹೆಂಚಿಗೆ ತಾಕಿದರೆ ಬಿಸಿಯನ್ನು ತಡೆಯುವುದಿಲ್ಲ, ದಾಟಿಸುತ್ತದೆ. ಥರ್ಮೋಕೋಲ್ ಮಾತ್ರ ಬೇಡ ಎಂದು ಕೈಮುಗಿದು ಹೇಳುತ್ತೇನೆ. ಮರದ ಸೂರು, ಹಳೆ ವೈರು, ಅದರ ಜೊತೆ ಬೇಗ ಹತ್ತಿಕೊಳ್ಳುವ ಥರ್ಮೋಕೋಲ್. ಮಲಗಿದವರ ತಲೆಯ ಮೇಲೆ ಇವು ಮೂರೂ ಸೇರಬಾರದು. ಬಿಸಿ ತಡೆಯಲು ಹಾಕುವ ಕಲ್ಲಿನ ಎಳೆಯ ಹಾಸು, ರಾಕ್‌ವೂಲ್, ಉರಿಯುವುದಿಲ್ಲ. ಹಾಕುವಾಗ ಮೈ ತುರಿಸುತ್ತದೆ, ಕೈಗವಸು, ಮುಖಗವಸು ಇರಲಿ.

ಮೆಟ್ಟಿಲಿನ ಬಾಯಿ

ಇದು ನಮ್ಮ ಅತ್ತೆ ಹುಡುಕಿಕೊಟ್ಟದ್ದು. ಸಂಜೆ ಏಳೂವರೆಗೆ ಯಾಕೆ ಅಂಕಿ ಏರುತ್ತದೆ ಎಂದು ನಾನು ತಲೆ ಕೆಡಿಸಿಕೊಂಡಿದ್ದೆ. ಅತ್ತೆ, “ನೀ ಮ್ಯಾಲೆ ಹೋಗಿ ಕುಂದ್ರು, ನಾ ಒಗ್ಗರಣಿ ಹಾಕ್ತೀನಿ” ಎಂದರು. ಮಂಡಕ್ಕಿಗೆ ಒಗ್ಗರಣೆ, ಜೊತೆಗೆ ಮಿರ್ಚಿ. ಎಣ್ಣೆಗೆ ಹಸಿಮೆಣಸಿನಕಾಯಿ ಬಿದ್ದ ಸದ್ದು ಕೇಳಿಸಿತು. ಅರ್ಧ ನಿಮಿಷ ಆಗಿರಲಿಲ್ಲ, ಕೆಳಗಿಂದ ಕೂಗಿದರು: “ಸೀನು ಬಂತೇನವ್ವಾ?” ಬಂದಾಗಿತ್ತು. ಕಣ್ಣಲ್ಲಿ ನೀರೂ ಬಂದಿತ್ತು.

ಘಾಟು ಬರುವ ದಾರಿಯಲ್ಲೇ ಬಿಸಿಯೂ ಹಬೆಯೂ ಬರುತ್ತವೆ. ಬಿಸಿಗಾಳಿ ಮೇಲಕ್ಕೇ ಏರುವುದು. ಮೆಟ್ಟಿಲಿನ ಬಾಯಿ ತೆರೆದಿದ್ದರೆ ಇಡೀ ಮನೆಗೆ ಅಟ್ಟವೇ ಹೊಗೆಗೂಡು. ಮೆಟ್ಟಿಲಿನ ಕೆಳಗಡೆ ಒಂದು ಬಾಗಿಲು ಇಡಿಸಿ, ಅಡುಗೆಮನೆಯ ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದ ಮೇಲೆ ಏಳೂವರೆಯ ಏರಿಕೆ ನಿಂತಿತು. ಬಾಗಿಲನ್ನು ಮೇಲ್ತುದಿಯಲ್ಲಿ ಇಡಬೇಡಿ. ರಾತ್ರಿ ಎದ್ದು ಕತ್ತಲಲ್ಲಿ ಬಾಗಿಲು ತೆಗೆದು ನೇರ ಮೆಟ್ಟಿಲಿಗೇ ಕಾಲಿಡುವಂತಾಗುತ್ತದೆ.

ಗಾಳಿಗೆ ದಾರಿ ಇದೆಯಾ?

ಊದಿನಕಡ್ಡಿ ಹಚ್ಚಿ ಕಿಟಕಿಯ ಹತ್ತಿರ, ಸೂರಿನ ನೆತ್ತಿಯ ಹತ್ತಿರ, ಬಾಗಿಲ ಸಂದಿಯ ಹತ್ತಿರ ಹಿಡಿಯಿರಿ. ಹೊಗೆ ಒಂದು ಕಡೆ ಒಳಗೆ ವಾಲಿ ಇನ್ನೊಂದು ಕಡೆ ಹೊರಗೆ ಹೋದರೆ ಗಾಳಿ ಆಡುತ್ತಿದೆ. ನೆತ್ತಿಯಲ್ಲಿ ಹೊಗೆ ಸುಮ್ನೆ ಸುತ್ತುತ್ತಾ ನಿಂತರೆ ಅಲ್ಲಿ ಬಿಸಿ ಮಡುಗಟ್ಟಿದೆ. ನಮ್ಮಲ್ಲಿ ಮಂಚದ ಥರ್ಮಾಮೀಟರಿಗೂ ನೆತ್ತಿಯದಕ್ಕೂ ಐದು ಡಿಗ್ರಿ ವ್ಯತ್ಯಾಸ ಇರುತ್ತಿತ್ತು. ಹೀಗಿರುವಾಗ ಛಾವಣಿಯ ಫ್ಯಾನ್ ಹಾಕಿದರೆ ಆ ಐದು ಡಿಗ್ರಿಯನ್ನೂ ಮೈಮೇಲೆ ಸುರಿಯುತ್ತದೆ. ನೆಲದ ಮೇಲಿಡುವ ಫ್ಯಾನ್ ಇಲ್ಲಿ ಒಳ್ಳೆಯದು. ಎತ್ತರ ಕಡಿಮೆಯ ಕೋಣೆಯಲ್ಲಿ ಕೈ ಮೇಲೆತ್ತಿದರೆ ರೆಕ್ಕೆಗೆ ತಾಗುವ ಭಯವೂ ಇರುವುದಿಲ್ಲ.

ಪೂರ್ವದ ಮುಕ್ಕೋನದ ಗೋಡೆಯಲ್ಲಿ, ಆದಷ್ಟೂ ಮೇಲೆ, ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿ. ಗಾಳಿ ಒಳಬರಲು ಕೆಳಗೊಂದು ಕಿಟಕಿ ತೆರೆದಿರಲೇಬೇಕು. ಹೊರಗಿನ ಅಂಕಿ ಒಳಗಿನದಕ್ಕಿಂತ ಕೆಳಗಿಳಿದ ಮೇಲೆ ಮಾತ್ರ ಹಾಕಿ. ಏಪ್ರಿಲ್‌ನಲ್ಲಿ ನಮಗೆ ಅದು ಏಳೂವರೆ ಎಂಟರ ಹೊತ್ತು. ಅದಕ್ಕೂ ಮೊದಲು ಕಿಟಕಿ ತೆರೆದರೆ ಬಿಸಿಗಾಳಿಯನ್ನು ಕರೆದು ಕೂರಿಸಿದಂತೆ. ಬೆಳಿಗ್ಗೆ ಎಂಟರೊಳಗೆ ಎಲ್ಲ ಮುಚ್ಚಿ. ಎಸಿ ಇರುವವರು ಮೊದಲು ಅರ್ಧ ಗಂಟೆ ಎಕ್ಸಾಸ್ಟ್ ಹಾಕಿ, ನಿಲ್ಲಿಸಿ, ಕಿಟಕಿ ಮುಚ್ಚಿ ಆಮೇಲೆ ಎಸಿ ಹಾಕಿ. ನಮ್ಮ ಎಸಿ ಈಗ ರಾತ್ರಿ ಎರಡು ಗಂಟೆ ಓಡಿದರೆ ಸಾಕಾಗುತ್ತದೆ.

ಕೂಲರ್ ಬಗ್ಗೆ ಬಹಳ ಜನ ಕೇಳುತ್ತಾರೆ. ಮಾರ್ಚ್‌ನಿಂದ ಮೇವರೆಗೆ ನಮ್ಮ ಗಾಳಿ ಒಣಗಿರುತ್ತದೆ, ಕೂಲರ್ ಚೆನ್ನಾಗಿ ತಣಿಸುತ್ತದೆ. ಆದರೆ ಎದುರು ಕಿಟಕಿ ತೆರೆದಿರಬೇಕು. ಮುಚ್ಚಿದ ಅಟ್ಟದಲ್ಲಿ ಕೂಲರ್ ಹಾಕಿದರೆ ಅರ್ಧ ಗಂಟೆಗೆ ಮೈಯೆಲ್ಲ ಅಂಟು. ಮಳೆಗಾಲದಲ್ಲಿ ಅದರಿಂದ ಹೆಚ್ಚು ಉಪಯೋಗವಿಲ್ಲ.

ಇಷ್ಟೆಲ್ಲ ಮಾಡಿದರೂ ಮೇ ತಿಂಗಳ ಕೆಲವು ರಾತ್ರಿ ಅಟ್ಟ ಮಲಗುವ ಜಾಗವಾಗುವುದಿಲ್ಲ. ವಯಸ್ಸಾದವರನ್ನು, ಕೂಸುಗಳನ್ನು ಆ ದಿನಗಳಲ್ಲಿ ಮೇಲೆ ಮಲಗಿಸಬೇಡಿ. ಯಾರಿಗಾದರೂ ಮೈ ಸುಡುತ್ತಾ ಮಾತು ತೊದಲಿದರೆ, ಮಂಕು ಕವಿದರೆ ಕೂಡಲೇ ಕೆಳಗೆ ತಂದು, ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಾ ಆಸ್ಪತ್ರೆಗೆ ಕರೆದೊಯ್ಯಿರಿ.

ಸೋರಿಕೆ

ನಮ್ಮಲ್ಲಿ ಮಳೆ ಕಡಿಮೆ, ಆದರೆ ಬಂದಾಗ ಗಾಳಿಯೊಂದಿಗೆ ಬರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಎರಚಲಿಗೆ ಹೆಂಚು ಸರಿದರೆ ಒಳಗೆ ನೀರು. ಹಾಗಾಗಿ ಇಲ್ಲೂ ಯಾವಾಗ ಸೋರಿತು ಎಂದು ಬರೆದಿಡಿ. ಗಾಳಿ ಮಳೆಗೆ ಮಾತ್ರ ಸೋರಿದರೆ ಹೆಂಚು ಸರಿದಿದೆ ಅಥವಾ ಕೊಂಡಿ ಬಿಟ್ಟಿದೆ. ಯಾವ ಮಳೆಗೂ ಅದೇ ಜಾಗದಲ್ಲಿ ಸೋರಿದರೆ ಒಡೆದ ಹೆಂಚು. ಜೋರು ಮಳೆಗೆ ಇಲ್ಲ, ಜಿಟಿಜಿಟಿ ಹಿಡಿದಾಗ ಸೋರುತ್ತದೆ ಎಂದರೆ ಹೆಂಚಿನ ಸಂದಿಯಲ್ಲಿ ಧೂಳು, ಎಲೆ ಕೂತು ನೀರನ್ನು ಒಳಗೆ ಎಳೆಯುತ್ತಿದೆ. ಗೋಡೆ ಮತ್ತು ಹೆಂಚು ಸೇರುವ ಕಡೆ ಒದ್ದೆಯಾದರೆ ಅಲ್ಲಿನ ಗಾರೆ ಬಿರಿದಿದೆ. ಮಳೆಯೇ ಇಲ್ಲದೆ ಹನಿ ಬಿದ್ದರೆ ಎಸಿಯ ನೀರಿನ ಪೈಪ್ ನೋಡಿ.

ಮೊದಲ ವರ್ಷ ನಾನು ಹನಿ ಬೀಳುತ್ತಿದ್ದ ಜಾಗದ ನೇರ ಮೇಲಿನ ಹೆಂಚನ್ನು ಎರಡು ಸಲ ಬದಲಾಯಿಸಿದೆ. ಸೋರುವುದು ನಿಲ್ಲಲಿಲ್ಲ. ಹೆಂಚು ಕೆಲಸದ ಮೇಸ್ತ್ರಿ ಬಂದು ನೋಡಿ, “ಅಕ್ಕಾರೆ, ನೀರು ಬಿದ್ದಲ್ಲಿ ತೂತು ಹುಡುಕಬ್ಯಾಡ್ರಿ. ಮ್ಯಾಲಿಂದ ಪಟ್ಟಿ ಹಿಡಕೊಂಡು ಬಂದಿರ್ತೈತಿ” ಎಂದರು. ಮೂರು ಅಡಿ ಮೇಲೆ, ಪಕ್ಕಕ್ಕೆ, ಕೂದಲೆಳೆಯಷ್ಟು ಬಿರುಕು ಇತ್ತು.

ಅವರು ಮಾಡಿದ ಪರೀಕ್ಷೆಯನ್ನು ಯಾರೂ ಮಾಡಬಹುದು. ಒಬ್ಬರು ಟಾರ್ಚ್ ಹಿಡಿದು ಒಳಗೆ, ಒಬ್ಬರು ಏಣಿಯ ಮೇಲೆ ಪೈಪ್ ಹಿಡಿದು ಹೊರಗೆ. ಕೆಳಗಿನ ಸಾಲಿನಿಂದ ಶುರು ಮಾಡಿ ಒಂದೊಂದೇ ಸಾಲು ಮೇಲಕ್ಕೆ. ಒಂದು ಸಾಲಿಗೆ ಹತ್ತು ನಿಮಿಷ ನೀರು. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಸಾಲಿನ ಮೇಲೂ ಹರಿದು ಏನೂ ಗೊತ್ತಾಗುವುದಿಲ್ಲ. ಪ್ಲೈವುಡ್ ಹೊದಿಸಿದ ಕೋಣೆಯಲ್ಲಿ ಇಣುಕಲು ಒಂದೆರಡು ಕಡೆ ಬಿಚ್ಚುವ ಹಲಗೆ ಇರಲೇಬೇಕು. ಹೊಸದಾಗಿ ಕೆಲಸ ಮಾಡಿಸುವವರು ಇದನ್ನು ಮೊದಲೇ ಹೇಳಿ ಮಾಡಿಸಿ.

ಹೆಂಚು ಬದಲಾಯಿಸುವಾಗ ಹಳೆ ಹೆಂಚೊಂದನ್ನು ತಿರುಗಿಸಿ ಕೆಳಮೈ ನೋಡಿ, ಕಾರ್ಖಾನೆಯ ಹೆಸರು ಇರುತ್ತದೆ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ಒಂದರ ಹೆಂಚು ಇನ್ನೊಂದರ ಅಂಚಿನ ತೋಡಿಗೆ ಸರಿಯಾಗಿ ಕೂರುವುದಿಲ್ಲ. ನೋಡಲು ಒಂದೇ ಥರ ಇದ್ದರೂ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ, ಆ ಸಂದಿಯಲ್ಲೇ ನೀರು. ಹಳೆ ಮನೆ ಕೆಡವುವ ಕಡೆ ಅದೇ ಹೆಸರಿನ ಹೆಂಚು ಸಿಕ್ಕರೆ ಒಂದು ಐವತ್ತು ತಂದಿಟ್ಟುಕೊಳ್ಳಿ. ಹೆಂಚಿನ ಮೇಲೆ ಬರಿಗಾಲಲ್ಲೂ ಓಡಾಡಬೇಡಿ. ಉದ್ದ ಹಲಗೆ ಹಾಕಿ ಅದರ ಮೇಲೆ ಕೂತು ಕೆಲಸ ಮಾಡಬೇಕು.

ರಾತ್ರಿಯ ಸದ್ದುಗಳು

ಸೂರ್ಯ ಮುಳುಗಿದ ಮೇಲೆ ಟಿಕ್ ಟಿಕ್ ಎಂದರೆ ಹೆಂಚು, ಮರ ಆರುತ್ತಿವೆ. ಭಯ ಬೇಡ. ನಡುರಾತ್ರಿ ಕರಕರ ಕಡಿಯುವ ಸದ್ದು ಇಲಿಯದು. ಅದು ವೈರನ್ನೂ ಕಡಿಯುತ್ತದೆ, ಬಿಡಬೇಡಿ. ಜಂತಿಯ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದರೆ ಮರಕ್ಕೆ ಹುಳ. ಗೋಡೆಯ ಮೇಲೆ ಮಣ್ಣಿನ ಗೆರೆ ಏರಿದ್ದರೆ ಒರಲೆ. ಎರಡಕ್ಕೂ ಔಷಧಿ ಹೊಡೆಯುವವರನ್ನು ಕರೆಸಿ.

ಕರೆಂಟಿನದೂ ಒಂದು ಮಾತು. ಹಳೆ ಬಂಗಲೆಯ ವೈರು ಎರಡು ಬಲ್ಬಿಗೆ ಹಾಕಿದ್ದು. ಎಸಿಗೆ ಮೀಟರಿನ ಹತ್ತಿರದಿಂದಲೇ ಬೇರೆ ವೈರು, ಭಾರ ಹೆಚ್ಚಾದರೆ ತಾನೇ ಆರುವ ಬೇರೆ ಸ್ವಿಚ್ಚು (ಎಂಸಿಬಿ), ಅರ್ತಿಂಗ್ ಬೇಕು. ಎಸಿ ಹಾಕಿದಾಗ ಪ್ಲಗ್ ಬಿಸಿಯಾದರೆ ಅಥವಾ ಸುಟ್ಟ ವಾಸನೆ ಬಂದರೆ ಆರಿಸಿ, ಎಲೆಕ್ಟ್ರಿಷಿಯನ್ ನೋಡುವವರೆಗೂ ಹಾಕಬೇಡಿ.

ಎಲ್ಲಕ್ಕಿಂತ ಗಂಭೀರವಾದದ್ದು ಜಂತಿ. ಅಟ್ಟದ ಜಂತಿ ಸಾಮಾನು ಇಡಲು ಹಾಕಿದ್ದು. ದಿನವೂ ಓಡಾಡುವ ಜನ, ಮಂಚ, ಕಬ್ಬಿಣದ ಬೀರು ಇದಕ್ಕೆಲ್ಲ ಲೆಕ್ಕ ಹಾಕಿದ್ದಲ್ಲ. ನಡೆದರೆ ನೆಲ ಕುಣಿಯುತ್ತದಾ? ಕೆಳಗಿನ ಕೋಣೆಯ ಬಾಗಿಲು ಹೊಸದಾಗಿ ಬಿಗಿ ಹಿಡಿಯುತ್ತಿದೆಯಾ? ಜಂತಿ ಗೋಡೆಯೊಳಗೆ ಹೋಗುವ ಕಡೆ ಸುಣ್ಣ ಬಿರಿದಿದೆಯಾ? ಒಂದಕ್ಕೆ ಹೌದು ಎಂದರೂ ಭಾರದ ಸಾಮಾನು ಕೆಳಗಿಳಿಸಿ, ಸಿವಿಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ. ಜಂತಿಯ ತುದಿಗಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಗೋಡೆಯ ತೇವಕ್ಕೆ ಮರ ಮೊದಲು ಕೊಳೆಯುವುದು ಅಲ್ಲೇ. ಬೀರುವನ್ನು ಯಾವತ್ತೂ ನಡುವೆ ಇಡಬೇಡಿ, ಗೋಡೆಗೆ ಹತ್ತಿರ ಇಡಿ.

ಹಳೆ ಮರ ಸ್ವಲ್ಪ ಬಗ್ಗಿರುವುದು ಸಹಜ. ಬಾಗು ಹೆಚ್ಚುತ್ತಿದೆಯಾ ಎಂಬುದನ್ನು ನೋಡಬೇಕು. ಅದಕ್ಕೆ ನಮ್ಮ ಬಡಿಗೇರರು ತೋರಿಸಿದ ದಾರಿ ಇದು. ಕೆಳಗಿನ ಕೋಣೆಯಲ್ಲಿ ಏಣಿ ಹತ್ತಿ, ಜಂತಿಯ ಪಕ್ಕದ ಮೈಯಲ್ಲಿ, ಕೆಳ ಅಂಚಿಗೆ ಸರಿಯಾಗಿ ಎರಡು ತುದಿಗೂ ಒಂದೊಂದು ಮೊಳೆ ಹೊಡೆಯಿರಿ. ನೂಲನ್ನು ಬಿಗಿಯಾಗಿ ಎಳೆದು ಕಟ್ಟಿ. ನಟ್ಟನಡುವೆ ಜಂತಿಯ ಕೆಳ ಅಂಚು ನೂಲಿಗಿಂತ ಎಷ್ಟು ಕೆಳಗಿದೆ ಎಂದು ಅಳೆಯಿರಿ. ಅಂಕಿಯನ್ನೂ ತಾರೀಖನ್ನೂ ಸೀಮೆಸುಣ್ಣದಲ್ಲಿ ಜಂತಿಯ ಮೇಲೇ ಬರೆಯಿರಿ. ಆರು ತಿಂಗಳಿಗೊಮ್ಮೆ ಅಳೆಯಿರಿ. ನಮ್ಮ ನಡುವಿನ ಜಂತಿಯ ಮೇಲೆ ಮೊದಲು 9 ಮಿ.ಮೀ. ಎಂದು ಬರೆದಿದ್ದೆವು, ಮುಂದಿನ ಸಲ 11 ಆಯಿತು. ಬೀರು ಕೆಳಗಿಳಿಸಿ, ಆ ಜಂತಿಯ ಎರಡೂ ಪಕ್ಕಕ್ಕೆ ಹೊಸ ಮರ ಕೂಡಿಸಿ ಬೋಲ್ಟ್ ಹಾಕಿಸಿದೆವು. ಅಲ್ಲಿಂದ ನಾಲ್ಕು ಸಲ ಅಳೆದಾಯಿತು. ನಾಲ್ಕೂ ಸಲ 11.